ಕೋಬೆ ಡೈರಿ – 19: ಬೆಳಗಾಗುವವರೆಗೆ ವಾದ ಮಾಡುತ್ತಿದ್ದ ಟಿವಿ

ಈ ಸಲ ಒಂದು ಟಿವಿ ಕಾರ್ಯಕ್ರಮದ ಚರಿತ್ರೆ. ಟಿವಿಗೆ ಎಂಥ ಚರಿತ್ರೆ ಮಾರಾಯ್ತಿ ಅಂತ ನಗಬೇಡಿ. ಕೊನೆಗೆ ಇದು ನಮ್ಮ ಮನೆಯ ಚಾವಡಿಗೇ ಬರ್ತದೆ.

ನೈಟ್ ಡ್ಯೂಟಿಯಲ್ಲಿ ನಿದ್ದೆ ಬಾರದ ಒಬ್ಬ ಅಜ್ಜ ಇದ್ದರು. ಹೆಸರು, ಕಾಯಿಲೆ ಹೇಳುವ ಹಾಗಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಬಿಪಿ ನೋಡಲು ಹೋದಾಗ, "ಮೊದಲೆಲ್ಲ ತಿಂಗಳ ಕೊನೆಯ ಶುಕ್ರವಾರ ನಾನು ಮಲಗುತ್ತಲೇ ಇರಲಿಲ್ಲ, ಅಸಾನಾಮಾ ನೋಡ್ತಿದ್ದೆ" ಅಂದರು. ನನಗೆ ಅರ್ಥ ಆಗಲಿಲ್ಲ. ರೂಮಿಗೆ ಬಂದು ಹುಡುಕಿ ಓದಿದೆ.

ಪೂರ್ತಿ ಹೆಸರು 'ಅಸಾ ಮಾದೆ ನಾಮಾ ತೆರೆಬಿ'. ಅಂದರೆ ಬೆಳಗಿನವರೆಗೆ ಲೈವ್ ಟಿವಿ. ಟಿವಿ ಅಸಾಹಿ ಚಾನೆಲ್ಲಿನಲ್ಲಿ 1987ರ ಏಪ್ರಿಲ್‌ನಲ್ಲಿ ಶುರುವಾಯಿತು. ನಡುರಾತ್ರಿಯ ಹೊತ್ತಿಗೆ ಚಾನೆಲ್ ಕೊಡುತ್ತಿದ್ದ ದುಡ್ಡು ಕಡಿಮೆ, ದೊಡ್ಡ ನಟನಟಿಯರನ್ನು ಕರೆಸಲು ಆಗುವುದಿಲ್ಲ. ಹಾಗಾದರೆ ಮಾತಾಡುವವರನ್ನು ಕೂರಿಸಿ ಬೆಳಗಿನವರೆಗೆ ಮಾತಾಡಿಸೋಣ ಅನ್ನುವ ಲೆಕ್ಕ. ನಡೆಸಿಕೊಡುತ್ತಿದ್ದವರು ತಾಹಾರಾ ಸೋಯಿಚಿರೋ. 1934ರಲ್ಲಿ ಹುಟ್ಟಿದವರು, ಊರು ಇಲ್ಲಿಗೆ ಹತ್ತಿರದ ಶಿಗಾ ಪ್ರಾಂತ್ಯದ ಹಿಕೊನೆ. 1945ರಲ್ಲಿ ಯುದ್ಧ ಮುಗಿದಾಗ ಐದನೇ ಕ್ಲಾಸಿನ ಹುಡುಗ. ರಜೆಗೆ ಮೊದಲು ದೇಶಕ್ಕಾಗಿ ಸಾಯಿರಿ ಅನ್ನುತ್ತಿದ್ದ ಮೇಷ್ಟ್ರುಗಳೇ ರಜೆ ಮುಗಿದ ಮೇಲೆ ಯುದ್ಧ ತಪ್ಪು ಅಂದರಂತೆ. ದೊಡ್ಡವರ ಮಾತನ್ನು, ಸರಕಾರದ ಮಾತನ್ನು ಕೇಳಿದ ಕೂಡಲೇ ನಂಬಬಾರದು ಅನ್ನುವುದು ಅಂದಿನಿಂದ ತಲೆಯಲ್ಲಿ ಕೂತಿತು ಅಂತ ಅವರು ಎಷ್ಟೋ ಕಡೆ ಹೇಳಿದ್ದಾರೆ.

ಮೇಜಿನ ಸುತ್ತ ಕೂರುತ್ತಿದ್ದವರೂ ಸಾಮಾನ್ಯರಲ್ಲ. ಸಿನಿಮಾ ನಿರ್ದೇಶಕ ಓಶಿಮಾ ನಾಗಿಸಾ ಸಿಟ್ಟು ಬಂದರೆ "ಬಾಕಾಯಾರೋ" (ಮುಟ್ಠಾಳ) ಅಂತ ಗರ್ಜಿಸುತ್ತಿದ್ದರು. ಕಾದಂಬರಿಕಾರ ನೊಸಾಕಾ ಅಕಿಯುಕಿ ನಮ್ಮ ಕೋಬೆಯಲ್ಲೇ ಬೆಳೆದವರು. 1945ರ ಜೂನ್ 5ರ ಬಾಂಬ್ ದಾಳಿಯಲ್ಲಿ ಮನೆ ಕಳೆದುಕೊಂಡರು, ಆಮೇಲೆ ಪುಟ್ಟ ತಂಗಿ ಹೊಟ್ಟೆಗಿಲ್ಲದೆ ತೀರಿಕೊಂಡಳು. ಆ ದುಃಖದಿಂದ ಬರೆದ ಕಥೆಯೇ 1988ರಲ್ಲಿ ಜಿಬ್ಲಿ ಸ್ಟುಡಿಯೋದ ಮಿಂಚುಹುಳದ ಸಿನಿಮಾ ಆಯಿತು. ಮಕ್ಕಳಿಗೆ ತೋರಿಸಿ ನೀವೆಲ್ಲ ಅತ್ತಿರಲ್ಲ, ಅದೇ.

1988ರ ಸೆಪ್ಟೆಂಬರ್‌ನಲ್ಲಿ ಚಕ್ರವರ್ತಿ ಹಿರೋಹಿತೊ ಹಾಸಿಗೆ ಹಿಡಿದಿದ್ದರು. ಜಪಾನಿನಲ್ಲಿ ಹಬ್ಬ, ಜಾತ್ರೆ ಎಲ್ಲ ನಿಂತು, ಜನ ದನಿ ತಗ್ಗಿಸಿ ಮಾತಾಡುತ್ತಿದ್ದ ಹೊತ್ತು. ಸೋಲ್ ಒಲಿಂಪಿಕ್ಸ್ ಬಗ್ಗೆ ಚರ್ಚೆ ಅಂತ ಹೇಳಿ ಶುರು ಮಾಡಿದ ತಾಹಾರಾ, ನಡುವೆ ವಿಷಯವನ್ನು ಚಕ್ರವರ್ತಿಯ ಕಡೆಗೆ ತಿರುಗಿಸಿಬಿಟ್ಟರು. ಲೈವ್ ಆದ್ದರಿಂದ ಯಾರಿಗೂ ಕತ್ತರಿ ಹಾಕಲು ಆಗಲಿಲ್ಲ.

ನಮ್ಮ ಅಜ್ಜ ಆ ರಾತ್ರಿ ನೆನೆದದ್ದು ಮಾತ್ರ ಓದಾ ಮಕೊತೋ ಅವರನ್ನು. ಶುರುವಿನ ವರ್ಷಗಳಲ್ಲಿ ಆ ಮೇಜಿನಲ್ಲಿ ಗಟ್ಟಿ ದನಿಯ ಲೇಖಕ. ಮನೆ ಕೋಬೆಯ ಪಕ್ಕದ ನಿಶಿನೊಮಿಯಾದಲ್ಲಿ. 1995ರ ಜನವರಿ 17ರ ಭೂಕಂಪದಲ್ಲಿ 6,434 ಜನ ಸತ್ತರು. ಮನೆ ಬಿದ್ದವರಿಗೆ ಸರಕಾರ ತಾತ್ಕಾಲಿಕ ಮನೆ ಕೊಟ್ಟಿತು, ಆದರೆ ಖಾಸಗಿ ಆಸ್ತಿ ಕಟ್ಟಿಕೊಳ್ಳಲು ಸಾರ್ವಜನಿಕರ ಹಣ ಕೊಡಲಾಗದು ಎಂದಿತು. ಓದಾ ಜನರನ್ನು ಸೇರಿಸಿ, ತಾವೇ ಮಸೂದೆ ಬರೆದು, ಟೋಕಿಯೋಗೆ ಹೋಗಿ ವಾದಿಸಿದರು. 1998ರ ಮೇ ತಿಂಗಳಲ್ಲಿ ಕಾನೂನು ಬಂತು, ಒಂದು ಕುಟುಂಬಕ್ಕೆ ಹೆಚ್ಚೆಂದರೆ 10 ಲಕ್ಷ ಯೆನ್. 2004ರಲ್ಲಿ ಅದು 30 ಲಕ್ಷ ಆಯಿತು. 2007ರಲ್ಲಿ ಓದಾ ತೀರಿಕೊಂಡರು. "ಆ ಮನುಷ್ಯ ಟಿವಿಯಲ್ಲಿ ಕಿರುಚುವಾಗ ನಾವು ನಗ್ತಿದ್ದೆವು. ಆಮೇಲೆ ಕಿರುಚಿದ್ದು ನಮಗಾಗಿ" ಅಂದರು ಅಜ್ಜ.

ತಾಹಾರಾ ಅವರ ಪ್ರಶ್ನೆಗೂ ಶಕ್ತಿ ಇತ್ತು. 1993ರ ಮೇ ಕೊನೆಯಲ್ಲಿ ಇನ್ನೊಂದು ಕಾರ್ಯಕ್ರಮದಲ್ಲಿ ಪ್ರಧಾನಿ ಮಿಯಾಜಾವಾ ಅವರನ್ನು ಬಿಡದೆ ಕೇಳಿ, ರಾಜಕೀಯ ಸುಧಾರಣೆ ಮಾಡಿಯೇ ಮಾಡ್ತೇನೆ ಅಂತ ಬಾಯಿಬಿಡಿಸಿದರು. ಮಾಡಲಾಗಲಿಲ್ಲ. ಜೂನ್‌ನಲ್ಲಿ ಅವಿಶ್ವಾಸ ನಿರ್ಣಯ, ಜುಲೈಯಲ್ಲಿ ಚುನಾವಣೆ, ಆಗಸ್ಟ್‌ನಲ್ಲಿ 38 ವರ್ಷದ ಒಂದೇ ಪಕ್ಷದ ಆಳ್ವಿಕೆ ಮುಗಿಯಿತು. ಎಲ್ಲಕ್ಕೂ ಆ ಒಂದು ಪ್ರಶ್ನೆಯೇ ಕಾರಣ ಅಲ್ಲ, ಆದರೆ ಮಾತು ಕೊಟ್ಟದ್ದನ್ನು ದೇಶ ನೋಡಿತ್ತು.

ಈಗ ಮುಗಿದ ಕಥೆ. 2024ರ ಸೆಪ್ಟೆಂಬರ್‌ನಲ್ಲಿ, 37 ವರ್ಷದ ನಂತರ, ಅಸಾನಾಮಾ ಮಾಮೂಲಿ ಚಾನೆಲ್ಲಿನಿಂದ ಹೋಯಿತು. ಅಕ್ಟೋಬರ್‌ನಿಂದ ಬಿಎಸ್ ಅಸಾಹಿ ಎಂಬ ಉಪಗ್ರಹ ಚಾನೆಲ್ಲಿಗೆ ಬಂತು, ಭಾನುವಾರ ಸಂಜೆ ಎರಡು ಗಂಟೆಯಷ್ಟು ಹೊತ್ತು. ಹೆಸರಲ್ಲಿ ಮಾತ್ರ ಬೆಳಗು ಉಳಿಯಿತು! ತಾಹಾರಾ ಅವರದೇ ಇನ್ನೊಂದು ಚರ್ಚೆ 'ಕ್ರಾಸ್‌ಫೈರ್', 2010ರಿಂದ ಅದೇ ಚಾನೆಲ್ಲಿನಲ್ಲಿ ಇತ್ತು. 2025ರ ಅಕ್ಟೋಬರ್ 19ರಂದು, ಮದುವೆಯಾದವರು ಬೇರೆ ಬೇರೆ ಮನೆಹೆಸರು ಇಟ್ಟುಕೊಳ್ಳಬಹುದೇ ಎಂಬ ವಿಷಯ ಬಂದಾಗ, ಅದನ್ನು ಒಪ್ಪದ ತಕಾಯಿಚಿ ಸನಾಯೆ ಸತ್ತುಹೋಗಲಿ ಅನ್ನುವ ಅರ್ಥದ ಮಾತು 91 ವರ್ಷದ ತಾಹಾರಾ ಬಾಯಿಂದ ಬಂತು. ಇದು ಲೈವ್ ಅಲ್ಲ, ರೆಕಾರ್ಡ್ ಮಾಡಿದ್ದು. ಆದರೂ ಕತ್ತರಿಸದೆ ಹಾಕಿದರು. ಎರಡು ದಿನದಲ್ಲಿ ತಕಾಯಿಚಿ ಜಪಾನಿನ ಮೊದಲ ಮಹಿಳಾ ಪ್ರಧಾನಿಯಾದರು (ಅವರು ಓದಿದ್ದು ಇಲ್ಲಿಯ ಕೋಬೆ ವಿಶ್ವವಿದ್ಯಾಲಯದಲ್ಲಿ). ತಾಹಾರಾ ಕ್ಷಮೆ ಕೇಳಿದರು, ಚಾನೆಲ್ ಆ ವಾರದಲ್ಲೇ ಕಾರ್ಯಕ್ರಮ ನಿಲ್ಲಿಸಿತು.

ನನಗೆ ಬೇಸರ ಆಯಿತು, ಆದರೆ ನಿಲ್ಲಿಸಿದ್ದು ತಪ್ಪು ಅಂತ ಅನಿಸಲಿಲ್ಲ. ಅಷ್ಟು ವರ್ಷ ಜನರನ್ನು ಎದುರು ಬದುರು ಕೂರಿಸಿದವರಿಗೇ ಆ ಗೆರೆ ದಾಟಿಹೋಯಿತು. ಆಸ್ಪತ್ರೆಯಲ್ಲಿ ದಿನಾ ಸಾವು ನೋಡುವ ನನಗೆ, ಯಾರೂ ಯಾರಿಗೂ ಹೇಳಬಾರದ ಮಾತು ಅದೊಂದೇ ಅನಿಸ್ತದೆ.

ನಮ್ಮಲ್ಲಿ ಇದಕ್ಕಿಂತ ಹಳೆಯ ರಾತ್ರಿಯಿಡೀ ಚರ್ಚೆ ಉಂಟು: ತಾಳಮದ್ದಳೆ. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿಯೂ ರಾಮನನ್ನು ಪ್ರಶ್ನೆ ಕೇಳ್ತಾನೆ, ರಾಮ ಉತ್ತರ ಕೊಡಲೇಬೇಕು. ಇವತ್ತು ವಾಲಿಯಾದ ಅರ್ಥಧಾರಿ ನಾಳೆ ರಾಮನೂ ಆಗಬಹುದು, ಹಾಗಾಗಿ ಎದುರಿನವನ ವಾದವೂ ಗೊತ್ತಿರಬೇಕು. ಬೆಳಗ್ಗೆ ಇಬ್ಬರೂ ಒಟ್ಟಿಗೆ ಕೂತು ಚಾ ಕುಡಿಯುತ್ತಾರೆ. ಇದನ್ನು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು ಅಪ್ಪ ಮತ್ತು ದೊಡ್ಡಮಾವ.

ಅದೇ ಅಪ್ಪ, ಅದೇ ದೊಡ್ಡಮಾವ ಕಳೆದ ಚುನಾವಣೆಯ ನಂತರ ಮಾತು ಬಿಟ್ಟಿದ್ದಾರೆ. ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಬಂತು, ಒಬ್ಬರು ಗ್ರೂಪ್ ಬಿಟ್ಟರು, ಇನ್ನೊಬ್ಬರು ಗೃಹಪ್ರವೇಶಕ್ಕೆ ಹೋಗಲಿಲ್ಲ. ಯಾರು ಸರಿ ಅಂತ ನಾನು ಹೇಳುವುದಿಲ್ಲ, ಇಬ್ಬರಿಗೂ ನಾನು ಚಿಕ್ಕವಳು. ಆದರೆ ಇಬ್ಬರೂ ಎಪ್ಪತ್ತು ದಾಟಿದವರು. ಆ ಅಜ್ಜನ ಹಾಸಿಗೆಯ ಪಕ್ಕ ಬಂದು ಕೂರುವವರು ಯಾರೂ ಇರಲಿಲ್ಲ, ಅದನ್ನು ನಾನು ತಿಂಗಳುಗಟ್ಟಲೆ ನೋಡಿದ್ದೇನೆ.

ಮುಂದಿನ ರಜೆಗೆ ಊರಿಗೆ ಬರ್ತೇನೆ. ಅಪ್ಪಾ, ಮಾವಾ, ಇಬ್ಬರೂ ಚಾವಡಿಯಲ್ಲಿ ಕೂರಬೇಕು. ಬೆಳಗಿನವರೆಗೆ ವಾದ ಮಾಡಿ, ಬೈದುಕೊಳ್ಳಿ, ಅಡ್ಡಿ ಇಲ್ಲ. ನೈಟ್ ಡ್ಯೂಟಿ ನನಗೆ ಅಭ್ಯಾಸ ಉಂಟು. ಬೆಳಗಿನ ಚಾ ನಾನೇ ಮಾಡ್ತೇನೆ.