ಕೈತಪ್ಪಿನಿಂದ ಹುಟ್ಟಿದ ಇಂಗ್ಲಿಷ್ ಶಬ್ದಗಳು

ತ್ರಿಕೋಣಮಿತಿಯನ್ನು ಇಂಗ್ಲಿಷಿನಲ್ಲಿ ಓದಿದ ಕನ್ನಡಿಗನು ಮೊದಲ ಪಾಠದಲ್ಲಿಯೇ ‘ಸೈನ್’ ಎಂಬ ಶಬ್ದವನ್ನು ಕಲಿಯುತ್ತಾನೆ. ಆ ಶಬ್ದಕ್ಕೂ ತಾನು ತೊಟ್ಟ ಅಂಗಿಯ ಜೇಬಿಗೂ ನಂಟುಂಟೆಂದು ಯಾರಾದರೂ ಹೇಳಿದರೆ ಅದನ್ನು ವಿನೋದವೆಂದೇ ಬಗೆದಾನು. ಆದರೆ ನಂಟುಂಟು. ಕ್ರಿ.ಶ. 499ರ ಸುಮಾರಿಗೆ ಆರ್ಯಭಟನು ಬಳಸಿದ ‘ಅರ್ಧಜ್ಯಾ’ ಎಂಬ ಪರಿಭಾಷೆ ‘ಜ್ಯಾ’ ಎಂದು ಮೊಟಕಾಯಿತು. ಜ್ಯಾ ಎಂದರೆ ಬಿಲ್ಲಿನ ಹೆದೆ. ಇದರ ಪರ್ಯಾಯವಾದ ‘ಜೀವಾ’ ಅರಬ್ಬೀ ಗಣಿತಜ್ಞರ ಕೈಸೇರಿ ‘ಜೀಬ’ ಎಂದಾಯಿತು. ಅರಬ್ಬೀ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವ ರೂಢಿಯಿಲ್ಲ. ತಮ್ಮ ಭಾಷೆಯಲ್ಲಿ ಅರ್ಥವೇ ಇಲ್ಲದ ಆ ಪರಕೀಯ ಶಬ್ದವನ್ನು ಮುಂದಿನವರು ಅವೇ ಅಕ್ಷರಗಳುಳ್ಳ ತಮ್ಮ ಮನೆಮಾತಿನ ‘ಜೈಬ್’ ಎಂದು ಓದಿಕೊಂಡರು. ಜೈಬ್ ಎಂದರೆ ಉಡುಪಿನ ಎದೆಯ ಬಳಿಯ ತೆರಪು, ಮಡಿಕೆ. ಹನ್ನೆರಡನೆಯ ಶತಮಾನದ ಲ್ಯಾಟಿನ್ ಭಾಷಾಂತರಕಾರರು ಮಡಿಕೆಯೆಂಬ ಅರ್ಥವನ್ನೇ ಹಿಡಿದು ‘ಸೈನಸ್’ ಎಂದು ಬರೆದರು. ಅದರಿಂದ ಇಂಗ್ಲಿಷಿನ ‘ಸೈನ್’ ಬಂದಿತು. ಅದೇ ಜೈಬ್ ಪಾರಸಿ, ಹಿಂದುಸ್ತಾನಿಗಳ ದಾರಿಯಾಗಿ ಕನ್ನಡಕ್ಕೆ ಬಂದು ‘ಜೇಬು’ ಎನಿಸಿತು. ಭರತಖಂಡದಿಂದ ಹೊರಟ ಹೆದೆಯೊಂದು ಮಡಿಕೆಯಾಗಿ ಮರಳಿತು.

ಶಬ್ದಗಳ ರೂಪಾಂತರಕ್ಕೆ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಹೇಳುವ ಕಾರಣ ಧ್ವನಿವ್ಯತ್ಯಾಸ. ನಾಲಗೆ ಸವೆಯುತ್ತದೆ, ಕಿವಿ ತಪ್ಪಿ ಕೇಳುತ್ತದೆ, ಮಾತು ಬದಲಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ನಾಲಗೆಯ ತಪ್ಪಿಲ್ಲದೆ ಬರಿಯ ಕಣ್ಣು ಮತ್ತು ಕೈಗಳ ತಪ್ಪಿನಿಂದ ಹುಟ್ಟಿದ ಶಬ್ದಗಳ ಒಂದು ಸಣ್ಣ ಕುಲವೇ ಇದೆ. ಓಲೆಗರಿಗಳ ‘ಪ’ಕಾರ ‘ವ’ಕಾರಗಳೊಡನೆ ಹೆಣಗಿದ ಕನ್ನಡ ಗ್ರಂಥಸಂಪಾದಕರಿಗೆ ಈ ಕುಲ ಅಪರಿಚಿತವೆನಿಸಲಾರದು.

ಖಮಧ್ಯಕ್ಕೆ ಇಂಗ್ಲಿಷಿನಲ್ಲಿರುವ ‘ಝೆನಿತ್’ ಎಂಬ ಹೆಸರು ಈ ಕುಲಕ್ಕೆ ಸೇರಿದುದು. ತಲೆಯ ಮೇಲಣ ದಾರಿ ಎಂಬರ್ಥದ ಅರಬ್ಬೀ ಪದಪುಂಜದಲ್ಲಿ ದಾರಿಗೆ ‘ಸಮ್ತ್’ ಎಂದು ಹೆಸರು. ಮಧ್ಯಯುಗದ ಯೂರೋಪಿನ ಬರವಣಿಗೆಯಲ್ಲಿ ‘ಎಮ್’ ಅಕ್ಷರವು ಮೂರು ನೆಟ್ಟಗೆರೆಗಳು, ‘ಎನ್’ ಎರಡು, ‘ಐ’ ಒಂದು. ಗೆರೆಗಳು ಒತ್ತಾಗಿ ನಿಂತಾಗ ‘ಎಮ್’ ಒಂದನ್ನು ‘ಎನ್’ ಮತ್ತು ‘ಐ’ ಎಂದು ಒಡೆದು ಓದಲು ಅಡ್ಡಿಯೇನೂ ಇರಲಿಲ್ಲ. ಸಮ್ತ್ ಹೀಗೆ ‘ಸೆನಿತ್’ ಆಯಿತು. ಅದೇ ಸಮ್ತ್ ಶಬ್ದದ ಬಹುವಚನದಿಂದ ಬಂದ ‘ಆಜಿಮತ್’ ಮಾತ್ರ ತನ್ನ ಮಕಾರವನ್ನು ಉಳಿಸಿಕೊಂಡು ಇಂದಿಗೂ ಸಾಕ್ಷಿ ನುಡಿಯುತ್ತಿದೆ. ಉಚ್ಚಾರದಲ್ಲಿಯೂ ಈ ಶಬ್ದಕ್ಕೆ ನೆಲೆಯಿಲ್ಲ: ಇಂಗ್ಲೆಂಡಿನವರು ಮೊದಲ ಸ್ವರವನ್ನು ಹ್ರಸ್ವವಾಗಿ ನುಡಿದರೆ ಅಮೆರಿಕದವರು ‘ಝೀನಿತ್’ ಎನ್ನುತ್ತಾರೆ.

ವಿದ್ಯಾಲಯಗಳಲ್ಲಿ ದಿನಬಳಕೆಯ ಮಾತಾದ ‘ಸಿಲಬಸ್’ ಇನ್ನೂ ಸೋಜಿಗದ್ದು. ಸಿಸೆರೋ ತನ್ನ ಗೆಳೆಯ ಆಟಿಕಸನಿಗೆ ಬರೆದ ಪತ್ರಗಳಲ್ಲಿ ಸುರುಳಿಗ್ರಂಥಗಳಿಗೆ ಅಂಟಿಸುವ ಹೆಸರುಚೀಟಿಗೆ ‘ಸಿಟ್ಟುಬಾ’ ಎಂಬ ಗ್ರೀಕ್ ಶಬ್ದದ ಒಂದು ರೂಪವನ್ನು ಬಳಸಿದ್ದನು. ಹದಿನೈದನೆಯ ಶತಮಾನದ ಮುದ್ರಿತ ಪ್ರತಿಗಳಲ್ಲಿ ಅದು ‘ಸಿಲ್ಲಬೋಸ್’ ಎಂದು ತಪ್ಪಾಗಿ ಅಚ್ಚಾಯಿತು. ಅಂಥ ಶಬ್ದ ಗ್ರೀಕಿನಲ್ಲಿರಲಿಲ್ಲ. ಪಂಡಿತರು ಸುಮ್ಮನಿರಲಿಲ್ಲ, ಒಟ್ಟುಗೂಡಿಸು ಎಂಬರ್ಥದ ಗ್ರೀಕ್ ಧಾತುವಿಗೆ ಅದನ್ನು ಗಂಟುಹಾಕಿ ವ್ಯುತ್ಪತ್ತಿಯನ್ನೂ ಕಟ್ಟಿಕೊಟ್ಟರು. ಹದಿನೇಳನೆಯ ಶತಮಾನದಲ್ಲಿ ಅದು ಇಂಗ್ಲಿಷಿಗೆ ಇಳಿಯಿತು. ಇಂದು ಅದರ ಬಹುವಚನ ‘ಸಿಲಬಸಸ್’ ಆಗಬೇಕೋ ‘ಸಿಲಬೈ’ ಆಗಬೇಕೋ ಎಂದು ವಾದಿಸುವವರು, ಬಂಜೆಯ ಮಗನ ಜಾತಕ ನೋಡುವವರಂತೆ ಕಾಣುತ್ತಾರೆ.

ಕವಿಗಳ ಕೈಯಲ್ಲಿ ನಡೆದ ತಪ್ಪು ಇವೆಲ್ಲಕ್ಕಿಂತ ರಮ್ಯವಾದುದು. ಹದಿನಾಲ್ಕನೆಯ ಶತಮಾನದ ಕವಿ ಚಾಸರ್ ‘ಟ್ರಾಯ್ಲಸ್’ ಕಥೆಯಲ್ಲಿ ತನ್ನ ನಾಯಕನು ವೀರನಿಗೆ ಉಚಿತವಾದುದನ್ನು ಮಾಡಲು ಧೈರ್ಯಗೊಳ್ಳುವುದರಲ್ಲಿ ಎರಡನೆಯವನಲ್ಲವೆಂದು ಹೇಳುತ್ತಾನೆ. ಅಲ್ಲಿರುವುದು ‘ಧೈರ್ಯಗೊಳ್ಳು’, ‘ಮಾಡು’ ಎಂಬ ಎರಡು ಸಾಮಾನ್ಯ ಕ್ರಿಯಾಪದಗಳು ಅಷ್ಟೆ. ಲಿಡ್ಗೇಟ್ ಇದನ್ನು ಅನುಕರಿಸಿದನು. ಅವನ ಕಾವ್ಯ ಹದಿನಾರನೆಯ ಶತಮಾನದಲ್ಲಿ ಅಚ್ಚಾದಾಗ ‘ಡಾರಿಂಗ್ ಡೂ’ ಎಂಬುದು ‘ಡೆರಿಂಗ್ ಡೂ’ ಆಯಿತು. 1579ರಲ್ಲಿ ಸ್ಪೆನ್ಸರನ ಕೃತಿಗೆ ಬರೆದ ಟಿಪ್ಪಣಿಯಲ್ಲಿ ಇದಕ್ಕೆ ಪರಾಕ್ರಮವೆಂಬ ನಾಮಪದದ ಅರ್ಥವನ್ನು ಕೊಡಲಾಯಿತು. ಸ್ಕಾಟನು ‘ಐವನ್‌ಹೋ’ ಕಾದಂಬರಿಯಲ್ಲಿ ಅದನ್ನು ಮತ್ತೆ ಬಳಕೆಗೆ ತಂದನು. ಅಲ್ಲಿಂದ ಮುಂದೆ ಸಾಹಸಕಥೆಗಳಲ್ಲೆಲ್ಲ ‘ಡೆರಿಂಗ್ ಡೂ’ ಮೆರೆಯಿತು. ಒಬ್ಬ ಮೊಳೆಜೋಡಕನ ಪ್ರಮಾದವೂ ಒಬ್ಬ ಮಹಾಕವಿಯ ಮೆಚ್ಚಿಕೆಯೂ ಕೂಡಿ ಶಬ್ದವನ್ನು ಸೃಷ್ಟಿಸಿದ ಉದಾಹರಣೆ ಇದು.

ಅಕ್ಷರಗಳು ಅಳಿದಾಗಲೂ ಇಂಥ ತಪ್ಪುಗಳಾಗುತ್ತವೆ. ಹಳೆಯ ಇಂಗ್ಲಿಷಿನಲ್ಲಿ ‘ತ್’ ಎಂಬ ಧ್ವನಿಗೆ ‘ಥಾರ್ನ್’ ಎಂಬ ಪ್ರತ್ಯೇಕ ಅಕ್ಷರವಿತ್ತು. ಕೈಬರಹದಲ್ಲಿ ಅದು ‘ವೈ’ ಅಕ್ಷರವನ್ನು ಹೋಲತೊಡಗಿತು. ಮುದ್ರಕರಲ್ಲಿ ಅದರ ಮೊಳೆಯಿಲ್ಲದಾಗ ‘ವೈ’ಯನ್ನೇ ಇಟ್ಟರು. ಹಳೆಯ ಕಾಲದ ಸೊಬಗನ್ನು ತೋರಲು ಅಂಗಡಿಗಳ ಹಲಗೆಗಳ ಮೇಲೆ ಬರೆದ ‘ಯೀ ಓಲ್ಡ್’ ಎಂಬುದು ಹಿಂದೆ ಯಾರೂ ಹಾಗೆ ನುಡಿಯದಿದ್ದ ಮಾತು. ಅದು ‘ದಿ’ ಎಂಬುದೇ. ಸ್ಕಾಟ್ಲೆಂಡಿನ ‘ಮೆಂಝೀಸ್’ ಮನೆತನದ ಹೆಸರಿನಲ್ಲಿ ‘ಝಡ್’ ನಿಂತಿರುವುದೂ ‘ಯೋಗ್’ ಎಂಬ ಅಳಿದ ಅಕ್ಷರದ ಸ್ಥಾನದಲ್ಲಿ. ಹಳಬರು ಅದನ್ನು ‘ಮಿಂಗಿಸ್’ ಎಂದೇ ಉಚ್ಚರಿಸುತ್ತಿದ್ದರು. ಕನ್ನಡದಲ್ಲಿ ‘ೞ’ಕಾರ ಮರೆಯಾದ ಮೇಲೆ ಪ್ರತಿಕಾರರು ಅದರ ಜಾಗದಲ್ಲಿ ‘ಳ’ವನ್ನು ಬರೆದುದನ್ನು ಇಲ್ಲಿ ನೆನೆಯಬಹುದು. ಆದರೆ ಕೇಶಿರಾಜನು ‘ೞ’ಕಾರದ ಶಬ್ದಗಳನ್ನು ಪಟ್ಟಿಮಾಡಿ ಇಟ್ಟನು, ಥಾರ್ನ್ ಅಕ್ಷರಕ್ಕೆ ಅಂಥ ಹಿತಚಿಂತಕನು ದೊರೆಯಲಿಲ್ಲ.

ಸೀನುವುದಕ್ಕೆ ಹಿಂದೆ ‘ಫ್ನೀಸ್’ ಎನ್ನುತ್ತಿದ್ದುದು ‘ಸ್ನೀಜ್’ ಆದುದಕ್ಕೂ ‘ಎಫ್’ ಅಕ್ಷರವು ಉದ್ದನೆಯ ‘ಎಸ್’ನಂತೆ ಕಾಣುತ್ತಿದ್ದುದು ಒಂದು ಕಾರಣವೆನ್ನುತ್ತಾರೆ. ಕೈತಪ್ಪೊಂದೇ ಕಾರಣವಾಗಿರಲಾರದು, ‘ಫ್ನ’ ಎಂಬ ಸಂಯುಕ್ತಾಕ್ಷರವೇ ಆ ಭಾಷೆಯಿಂದ ಮರೆಯಾಗುತ್ತಿತ್ತು. ಕನ್ನಡದ ‘ಸೀನು’ ಇದನ್ನು ಹೋಲುವುದು ಕೇವಲ ಕಾಕತಾಳೀಯ.

ಹಾಗಾದರೆ ತಪ್ಪಿನಿಂದ ಹುಟ್ಟಿದುದೆಲ್ಲವೂ ಶಬ್ದವೇ? ಈ ಪ್ರಶ್ನೆಯನ್ನು 1886ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದ ಅಧ್ಯಕ್ಷಪೀಠದಿಂದ ವಾಲ್ಟರ್ ಸ್ಕೀಟ್ ಎತ್ತಿದನು. ಯಾರ ಬಾಯಲ್ಲಿಯೂ ಬದುಕದೆ ಬರಿಯ ಅಚ್ಚಿನಲ್ಲಿ ಕಾಣಿಸಿಕೊಳ್ಳುವ ಇಂಥವುಗಳಿಗೆ ಅವನು ‘ಪ್ರೇತಶಬ್ದ’ಗಳೆಂದು ಹೆಸರಿಟ್ಟನು. ಅವನು ಕೊಟ್ಟ ಒಂದು ಉದಾಹರಣೆ ಭಾರತಕ್ಕೆ ಸಂಬಂಧಿಸಿದ್ದು. 1808ರ ‘ಎಡಿನ್‌ಬರೋ ರಿವ್ಯೂ’ ಪತ್ರಿಕೆಯ ಲೇಖನವೊಂದರಲ್ಲಿ ಹಿಂದೂಗಳು ಕೈಗಳಿಗೆ ‘ಕೈಮ್ಸ್’ ಚುಚ್ಚಿಕೊಳ್ಳುವರೆಂದು ಅಚ್ಚಾಗಿತ್ತು. ಇದು ಯಾವುದೋ ಭಾರತೀಯ ಆಯುಧವಿರಬೇಕೆಂದು ಓದುಗರು ಬಗೆಯಲು ಅವಕಾಶವಿತ್ತು. ಲೇಖಕನು ಬರೆದುದು ‘ನೈವ್ಸ್’, ಎಂದರೆ ಚೂರಿಗಳು. ಮತ್ತೆ ಅವೇ ನೆಟ್ಟಗೆರೆಗಳ ಕಾಟ. ದೂರದ ಜನರ ಬಗ್ಗೆ ಏನು ಅಚ್ಚಾದರೂ ನಂಬುವವರಿಗೆ ಇಂಥ ತಪ್ಪು ಹೊಳೆಯುವುದು ಕಷ್ಟ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ 1882ರಲ್ಲಿಯೇ ‘ಅಬಕಾಟ್’ ಎಂಬ ಪ್ರೇತವನ್ನು ಹಿಡಿದಿದ್ದನು. ‘ಬೈಕಾಕೆಟ್’ ಎಂಬ ಶಿರಸ್ತ್ರಾಣದ ಹೆಸರು ಕೆಟ್ಟು, ಕೋಶದಿಂದ ಕೋಶಕ್ಕೆ ನಕಲಾಗುತ್ತ ಬಂದುದು ಅದು. ನಿಘಂಟುಕಾರರು ಒಬ್ಬರನ್ನೊಬ್ಬರು ನಂಬಿದುದೇ ಅದರ ಆಯುಸ್ಸು.

ಅಂಥ ಪ್ರಮಾದ ಇಪ್ಪತ್ತನೆಯ ಶತಮಾನದಲ್ಲಿಯೂ ನಡೆಯಿತು. ಅಮೆರಿಕದ ವೆಬ್‌ಸ್ಟರ್ ನಿಘಂಟಿನ ಕಚೇರಿಗೆ 1931ರಲ್ಲಿ ರಸಾಯನಶಾಸ್ತ್ರದ ಸಂಪಾದಕನಿಂದ ಒಂದು ಚೀಟಿ ಬಂದಿತು. ಸಾಂದ್ರತೆಗೆ ದೊಡ್ಡ ‘ಡಿ’ ಅಥವಾ ಚಿಕ್ಕ ‘ಡಿ’ ಸಂಕೇತವೆಂಬುದು ಅದರ ತಾತ್ಪರ್ಯ. ಅಥವಾ ಎಂಬರ್ಥದ ‘ಆರ್’ ನಡುವೆ ಸೇರಿ, ನಾಲ್ಕು ಅಕ್ಷರಗಳ ‘ಡಾರ್ಡ್’ ಎಂಬ ಶಬ್ದವೊಂದು 1934ರ ಆವೃತ್ತಿಯಲ್ಲಿ ಉಚ್ಚಾರಣೆಯ ಸಮೇತ ಅಚ್ಚಾಗಿ ಹೊರಬಿತ್ತು. 1939ರಲ್ಲಿ ಕಚೇರಿಯ ಸಂಪಾದಕನೊಬ್ಬನು ಅದರ ಮುಂದೆ ವ್ಯುತ್ಪತ್ತಿ ಇಲ್ಲದಿರುವುದನ್ನು ಗಮನಿಸಿ ಹಳೆಯ ಚೀಟಿಗಳನ್ನು ತೆಗೆಸಿ ನೋಡಿದನು. ಮುಂದಿನ ಮುದ್ರಣಗಳಿಂದ ಅದು ಹೊರದೂಡಲ್ಪಟ್ಟಿತು. ಸಿಲಬಸ್ ಶಬ್ದಕ್ಕೆ ಧಾತುವನ್ನು ಹುಡುಕಿಕೊಟ್ಟ ಪಂಡಿತರಿದ್ದರು, ಬಳಸುವ ಉಪಾಧ್ಯಾಯರಿದ್ದರು. ಡಾರ್ಡ್ ಶಬ್ದಕ್ಕೆ ಇಬ್ಬರೂ ಇರಲಿಲ್ಲ.