ಕ್ರಿಲ್‌ನ ಆಯುಷ್ಯ: ಹಳೆಯ ಅಳತೆಪಟ್ಟಿಯೊಂದರ ತಪ್ಪು ಓದು

ಅಂಟಾರ್ಕ್ಟಿಕ್ ಕ್ರಿಲ್ ಬದುಕುವುದು ಎರಡೇ ವರ್ಷ ಎಂಬ ತೀರ್ಮಾನ ವಿದ್ವತ್ ವಲಯದಲ್ಲಿ ಸುಮಾರು ಅರ್ಧ ಶತಮಾನ ಚಲಾವಣೆಯಲ್ಲಿತ್ತು. 1932ರಲ್ಲಿ ನಾರ್ವೆಯ ಯೋಹಾನ್ ರೂಡ್ ಹೇಳಿದ್ದನ್ನು 1945ರಲ್ಲಿ ಹೆಲೆನ್ ಬಾರ್ಗ್‌ಮನ್ ಗಟ್ಟಿಗೊಳಿಸಿದರು. 1962ರಲ್ಲಿ ಜೇಮ್ಸ್ ಮಾರ್ ತಮ್ಮ ನಾನೂರು ಪುಟ ದಾಟಿದ ಮಹಾಪ್ರಬಂಧದಲ್ಲಿ ಹೆಚ್ಚುಕಡಿಮೆ ಅದನ್ನೇ ಉಳಿಸಿಕೊಂಡರು. ಈಗ ಅದು ತಪ್ಪೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಸಮುದ್ರದಲ್ಲಿ ಐದಾರು ವರ್ಷ, ಪ್ರಯೋಗಾಲಯದ ತೊಟ್ಟಿಯಲ್ಲಿ ಹನ್ನೊಂದರವರೆಗೂ ಕ್ರಿಲ್ ಬದುಕಿದ್ದುಂಟು. ತಕರಾರು ಇರುವುದು ತಪ್ಪು ಎಲ್ಲಿ ನಡೆಯಿತು ಎಂಬ ಬಗ್ಗೆ.

ಸಾಮಾನ್ಯವಾಗಿ ಹೇಳುವ ಕಥೆ ಹೀಗಿದೆ: ಹಳಬರ ಕೈಯಲ್ಲಿದ್ದದ್ದು ಜಾಡಿಯೊಳಗಿನ ಸತ್ತ ಕ್ರಿಲ್, 1980ರ ದಶಕದಲ್ಲಿ ಜೀವಂತ ಕ್ರಿಲ್ ಸಾಕಿದ ಮೇಲೆ ನಿಜ ಬಯಲಾಯಿತು, ಆದ್ದರಿಂದ ಹಳೆಯ ದಾಖಲೆಗೆ ಈಗ ಚರಿತ್ರೆಯ ಬೆಲೆ ಮಾತ್ರ. ಈ ಕಥೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಬಾರ್ಗ್‌ಮನ್ ಮತ್ತು ಮಾರ್ ಇಬ್ಬರಿಗೂ ಮಾಡಿದ ಅನ್ಯಾಯ.

ಇಬ್ಬರೂ ಬಳಸಿದ್ದು ಡಿಸ್ಕವರಿ ಅನ್ವೇಷಣೆಗಳ ಮಾದರಿಗಳನ್ನು; ಅವುಗಳ ಹಿನ್ನೆಲೆ ಓದುಗರಿಗೆ ಹೊಸದಲ್ಲ. ತಿಮಿಂಗಿಲದ ಎಣ್ಣೆಯ ಮೇಲಿನ ತೆರಿಗೆಯ ಹಣದಲ್ಲಿ 1925ರಿಂದ ನಡೆದ ಈ ಕೆಲಸದ ಉದ್ದೇಶ ತಿಮಿಂಗಿಲವನ್ನೂ ಅದರ ಮೇವನ್ನೂ ಅರಿಯುವುದು. ಹಡಗಿನವರು ಬಲೆ ಎಳೆದರು. ಬಂದ ಕ್ರಿಲ್ ಫಾರ್ಮಲಿನ್ ಜಾಡಿ ಸೇರಿ ಲಂಡನ್ನಿಗೆ ಹೋಯಿತು. ಅಲ್ಲಿ ಒಂದೊಂದನ್ನೂ ಮಿಲಿಮೀಟರಿನಲ್ಲಿ ಅಳೆದರು. ಮೀನಾದರೆ ಹುರುಪೆಯಲ್ಲೋ ಕಿವಿಯೊಳಗಿನ ಕಲ್ಲಿನಲ್ಲೋ ವರ್ಷದ ಉಂಗುರ ಸಿಗುತ್ತದೆ. ಕ್ರಿಲ್ ಹಾಗಲ್ಲ, ಕೆಲವು ವಾರಕ್ಕೊಮ್ಮೆ ಇಡೀ ಹೊರಕವಚವನ್ನು ಪೊರೆಯಂತೆ ಕಳಚಿಬಿಡುತ್ತದೆ. ವಯಸ್ಸಿನ ಗುರುತೇ ಉಳಿಯದ ಪ್ರಾಣಿಯಲ್ಲಿ ಉದ್ದವೊಂದೇ ಆಧಾರ.

ಅಳತೆಗಳನ್ನು ನಕ್ಷೆಗಿಳಿಸಿದರೆ ಉಬ್ಬುಗಳು ಕಾಣುತ್ತವೆ: ಚಿಕ್ಕವುಗಳದೊಂದು, ದೊಡ್ಡವುಗಳದೊಂದು. ಮೊದಲ ಉಬ್ಬನ್ನು ಒಂದು ವರ್ಷದ ಪೀಳಿಗೆ, ಎರಡನೆಯದನ್ನು ಎರಡು ವರ್ಷದ್ದು ಎಂದು ಓದಲಾಯಿತು. ಅಲ್ಲಿಂದಾಚೆ ಉಬ್ಬಿಲ್ಲದ ಕಾರಣ ಆಯುಷ್ಯವೂ ಅಲ್ಲಿಗೇ ಮುಗಿಯಿತು.

ಈ ಓದಿನ ಅಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಎರಡು ಊಹೆಗಳಿವೆ. ಒಂದು, ಕ್ರಿಲ್ ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಇನ್ನೊಂದು, ಒಂದು ಉಬ್ಬು ಎಂದರೆ ಒಂದೇ ವಯಸ್ಸು. ಒಂದು ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಎತ್ತರ ಅಳೆದರೆ ಅಂಗನವಾಡಿಯ ಮಕ್ಕಳೂ ಹೈಸ್ಕೂಲಿನವರೂ ಬೇರೆಬೇರೆ ಗುಂಪಾಗಿ ಕಾಣುತ್ತಾರೆ. ಮೂವತ್ತರವರು, ಐವತ್ತರವರು, ಎಪ್ಪತ್ತರವರು ಮಾತ್ರ ಒಂದೇ ಗುಂಪಿನಲ್ಲಿ ಕಲಸಿಹೋಗುತ್ತಾರೆ. ಆ ಗುಂಪನ್ನು ತೋರಿಸಿ ಈ ಊರಲ್ಲಿ ಮೂವತ್ತು ದಾಟಿದವರೇ ಇಲ್ಲ ಎಂದಂತಾಯಿತು ಎರಡು ವರ್ಷದ ವಾದ. ತಪ್ಪು ಅಳೆದ ಕೈಯದ್ದಲ್ಲ, ಉಬ್ಬಿಗೆ ವಯಸ್ಸಿನ ಚೀಟಿ ಅಂಟಿಸಿದ ತರ್ಕದ್ದು.

(ಅಡಿಟಿಪ್ಪಣಿಗೆ ಸೇರಬೇಕಾದ ಮಾತಾದರೂ ಇಲ್ಲೇ ಹೇಳುವುದು ಮೇಲು: ಎರಡರ ಗೀಳು ಕ್ರಿಲ್‌ಗೆ ಸೀಮಿತವಾಗಿರಲಿಲ್ಲ. ಅದೇ ಡಿಸ್ಕವರಿ ತಂಡದ ಮ್ಯಾಕಿಂಟಾಶ್ ಮತ್ತು ವೀಲರ್ 1929ರಲ್ಲಿ ನೀಲಿ ತಿಮಿಂಗಿಲ ಎರಡೇ ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ ಎಂದಿದ್ದರು. 1955ರಲ್ಲಿ ಪರ್ವಿಸ್ ತಿಮಿಂಗಿಲದ ಕಿವಿಯ ಮೇಣದ ಪದರಗಳನ್ನು ಎಣಿಸುವ ದಾರಿ ತೋರಿಸಿದ ಮೇಲೆ ಆ ಲೆಕ್ಕವೂ ಕುಸಿಯಿತು.)

ಬಾರ್ಗ್‌ಮನ್ ಉದ್ದವೊಂದನ್ನೇ ನಂಬಿದವರಲ್ಲ ಎಂಬುದನ್ನು ಅವರ ಟೀಕಾಕಾರರು ಮರೆಯುತ್ತಾರೆ. ಕ್ರಿಲ್‌ನ ಜನನಾಂಗಗಳ ಬಗ್ಗೆ 1937ರಲ್ಲೇ ಅವರು ಪ್ರತ್ಯೇಕವಾಗಿ ಬರೆದಿದ್ದರು. ಲೈಂಗಿಕ ಬೆಳವಣಿಗೆಯ ಹಂತಗಳನ್ನು ಇನ್ನೊಂದು ಸಾಕ್ಷಿಯಾಗಿ ಇಟ್ಟುಕೊಂಡಿದ್ದರು. ಆ ಕಾಲಕ್ಕೆ ಇದಕ್ಕಿಂತ ಎಚ್ಚರದ ವಿಧಾನ ಇರಲಿಲ್ಲ. ಆದರೆ ಎರಡನೆಯ ಸಾಕ್ಷಿಯೂ ಕೈಕೊಟ್ಟಿತು. ಮೊಟ್ಟೆಯಿಟ್ಟ ಹೆಣ್ಣು ಕ್ರಿಲ್ ಸಾಯುವುದಿಲ್ಲ, ಅದರ ಲೈಂಗಿಕ ಲಕ್ಷಣಗಳು ಹಿಂದಕ್ಕೆ ಸರಿಯುತ್ತವೆ, ಮೈ ಕುಗ್ಗುತ್ತದೆ, ಬಳಿಕ ಮತ್ತೆ ಬೆಳೆದು ಮತ್ತೆ ಪ್ರಾಯಕ್ಕೆ ಬರುತ್ತದೆ ಎಂದು ಥಾಮಸ್ ಮತ್ತು ಇಕೆಡಾ 1987ರಲ್ಲಿ ತೋರಿಸಿದರು. ಹಾಗೆ ಹಿಮ್ಮರಳಿದ ಹಳೆಯ ಹೆಣ್ಣು ಜಾಡಿಯೊಳಗೆ ಎಳೆಯ ಪ್ರಾಣಿಯಂತೆಯೇ ಕಂಡೀತು. ಎರಡು ಸಾಕ್ಷಿಗಳೂ ಒಂದೇ ಸುಳ್ಳನ್ನು ಒಮ್ಮತದಿಂದ ಹೇಳುತ್ತಿದ್ದಾಗ ಬಾರ್ಗ್‌ಮನ್ ಅವರನ್ನು ದೂರಿ ಫಲವಿಲ್ಲ.

ಇಲ್ಲಿಗೆ ತೊಟ್ಟಿಯ ಪಕ್ಷದವರು ಗೆದ್ದೆವೆನ್ನುತ್ತಾರೆ. ಅವರ ಮುಖ್ಯ ದಾಖಲೆ ಇಕೆಡಾ ಮತ್ತು ಡಿಕ್ಸನ್ ಅವರ 1982ರ ಪ್ರಯೋಗ: 211 ದಿನ ಉಪವಾಸವಿಟ್ಟರೂ ಕ್ರಿಲ್ ಸಾಯದೆ, ಪೊರೆ ಕಳಚುತ್ತ ಕಳಚುತ್ತ ಗಾತ್ರದಲ್ಲಿ ಚಿಕ್ಕದಾಗುತ್ತ ಹೋಯಿತು. ಅಚ್ಚರಿಯ ಫಲಿತಾಂಶವೇ ಹೌದು. ಆದರೆ ತೊಟ್ಟಿಯ ಉಪವಾಸವೇ ಸಮುದ್ರದ ಚಳಿಗಾಲವಲ್ಲ. ಅಲ್ಲಿ ಮಂಜುಗಡ್ಡೆಯಡಿಯ ಪಾಚಿಯೂ ಸೂಕ್ಷ್ಮಜೀವಿಗಳೂ ಮೇವಾಗಿ ಸಿಗುತ್ತವೆ. ಸಮುದ್ರದಲ್ಲಿ ಕುಗ್ಗುವಿಕೆ ಎಷ್ಟು ನಡೆಯುತ್ತದೆಂಬುದು ಇಂದಿಗೂ ಚರ್ಚೆಯ ವಿಷಯ. ಮೇಲಾಗಿ ಎರಡು ವರ್ಷದ ವಾದವನ್ನು ಮುರಿಯಲು ಕುಗ್ಗುವಿಕೆ ಬೇಕಾಗಿಯೂ ಇಲ್ಲ. ಚಳಿಗಾಲದಲ್ಲಿ ಬೆಳವಣಿಗೆ ನಿಂತರೆ ಸಾಕು, ಹಲವು ವಯಸ್ಸಿನವು ದೊಡ್ಡ ಉಬ್ಬಿನಲ್ಲಿ ಒಟ್ಟುಗೂಡುತ್ತವೆ.

ಹಾಗಾದರೆ ಹಳೆಯ ಪಟ್ಟಿಯಲ್ಲೇ ದೀರ್ಘಾಯುಷ್ಯದ ಸುಳಿವು ಇತ್ತೇ? ಇತ್ತು. 1986ರಲ್ಲಿ ರೋಸೆನ್‌ಬರ್ಗ್, ಬೆಡ್ಡಿಂಗ್‌ಟನ್ ಮತ್ತು ಬ್ಯಾಸನ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಎರಡು ಮೂರು ಪುಟದ ಬರಹ ಇದಕ್ಕೆ ಸಾಕ್ಷಿ. ಅವರು ತೊಟ್ಟಿ ಕಟ್ಟಲಿಲ್ಲ, ಹೊಸ ಬಲೆ ಬೀಸಲಿಲ್ಲ. ಡಿಸ್ಕವರಿ ಕಾಲದ ಅಳತೆಗಳನ್ನೇ ಎತ್ತಿಕೊಂಡು, ಕಾಣುವ ಉಬ್ಬಿನೊಳಗೆ ಎಷ್ಟು ಪೀಳಿಗೆಗಳು ಅಡಗಿರಬಹುದೆಂದು ಗಣಿತದಿಂದ ಬಿಡಿಸಿದರು. ಎರಡು ವರ್ಷಕ್ಕೆ ಆ ಅಳತೆಗಳು ಒಗ್ಗಲಿಲ್ಲ. ಅದಕ್ಕಿಂತ ಬಹಳ ಉದ್ದದ ಬದುಕನ್ನು ಹೇಳಿದವು. ಕ್ರಿಲ್‌ನ ಆಯುಷ್ಯದ ಕಥೆ ಹೇಳುವಾಗ ಈ ಬರಹವನ್ನು ಒಂದು ವಾಕ್ಯದಲ್ಲಿ ದಾಟಿ ತೊಟ್ಟಿಗೆ ಓಡುವವರು ತಮ್ಮ ಕಥೆಗೆ ತೊಡಕಾಗುವ ಸಾಕ್ಷಿಯನ್ನು ಬದಿಗೆ ಸರಿಸುತ್ತಿದ್ದಾರೆ.

ಹಳಬರು ಚಳಿಗಾಲದ ಮಾದರಿ ತಂದೇ ಇಲ್ಲ ಎಂಬ ಆಕ್ಷೇಪವೂ ನಿಲ್ಲದು. ‘ಡಿಸ್ಕವರಿ 2’ ಹಡಗು 1932ರ ಚಳಿಗಾಲದಲ್ಲಿ ಅಂಟಾರ್ಕ್ಟಿಕಾಕ್ಕೆ ಪೂರ್ತಿ ಸುತ್ತು ಹಾಕಿತ್ತು. ಮಂಜುಗಡ್ಡೆಯ ಅಂಚಿನಾಚೆ ಬಲೆ ಇಳಿಯಲಿಲ್ಲವೆಂಬುದು ನಿಜ. ಆ ಕೊರತೆ ಮಾರ್ ಅವರಿಗೂ ಇತ್ತು, ಮೂವತ್ತು ವರ್ಷಗಳ ನಂತರದವರಿಗೂ ಇತ್ತು.

ತೊಟ್ಟಿಯ ಚರಿತ್ರೆಯಲ್ಲೂ ಒಂದು ಹೆಸರು ಮಸುಕಾಗಿದೆ. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಮೇರಿ ಆಲಿಸ್ ಮೆಕ್‌ವಿನ್ನಿ 1970ರ ದಶಕದಲ್ಲೇ ಅಂಟಾರ್ಕ್ಟಿಕಾದ ಪಾಮರ್ ನೆಲೆಯಲ್ಲಿ ಜೀವಂತ ಕ್ರಿಲ್ ಸಾಕುತ್ತಿದ್ದರು. 1980ರಲ್ಲಿ ಅವರು ತೀರಿಕೊಂಡರು. ಕ್ರಿಲ್‌ನ ಅಂಡಾಶಯದ ಆವರ್ತನದ ಬಗ್ಗೆ ಡೆನಿಸ್ ಜತೆ ಬರೆದ ಪ್ರಬಂಧ 1982ರಲ್ಲಿ, ಇಕೆಡಾ ಮತ್ತು ಡಿಕ್ಸನ್ ಅವರ ಬರಹ ಬಂದ ವರ್ಷವೇ, ಅಚ್ಚಾಯಿತು. ಜೀವಂತ ಕ್ರಿಲ್‌ನ ಕಥೆ ಹೇಳುವವರು ಅದನ್ನು ಅವರಿಂದ ಶುರುಮಾಡಬೇಕು.

ಇದು ಬರೀ ಗ್ರಂಥಾಲಯದ ಜಗಳವಲ್ಲ. ಆಯುಷ್ಯ ಗಿಡ್ಡವಾದಷ್ಟೂ ಪ್ರತಿ ವರ್ಷ ಹುಟ್ಟಿ ಬೆಳೆಯಬೇಕಾದ ಪಾಲು ದೊಡ್ಡದು. ಹಿಡಿದರೂ ಬೇಗ ತುಂಬಿಕೊಳ್ಳುತ್ತದೆಂಬ ಭರವಸೆಯೂ ದೊಡ್ಡದು. ಬೇಟೆಯಲ್ಲಿ ಅಳಿದ ತಿಮಿಂಗಿಲಗಳು ತಿನ್ನದೆ ಬಿಟ್ಟ ಕ್ರಿಲ್ ವರ್ಷಕ್ಕೆ ಸುಮಾರು 15 ಕೋಟಿ ಟನ್ ಎಂದು ರಿಚರ್ಡ್ ಲಾಸ್ 1977ರಲ್ಲಿ ಅಂದಾಜಿಸಿದ ದಿನಗಳಲ್ಲೇ ಸೋವಿಯತ್ ಹಡಗುಗಳು ದಕ್ಷಿಣಕ್ಕೆ ಸಾಲುಗಟ್ಟಿದ್ದವು. 1981-82ರಲ್ಲಿ ಹಿಡಿದ ಕ್ರಿಲ್ 5 ಲಕ್ಷ ಟನ್ ದಾಟಿತು. ನಿಧಾನವಾಗಿ ಬೆಳೆಯುವ ಜೀವಿಯ ಗತಿ ಏನೆಂಬುದಕ್ಕೆ ದಕ್ಷಿಣ ಜಾರ್ಜಿಯಾದ ನೋಟೊಥೇನಿಯಾ ರೋಸಿ ಮೀನು ಆಗಲೇ ಸಾಕ್ಷಿಯಾಗಿತ್ತು: 1969-70ರಲ್ಲಿ ಸುಮಾರು 4 ಲಕ್ಷ ಟನ್, ಮರುವರ್ಷ 1 ಲಕ್ಷ, ಆಮೇಲೆ ಬಲೆಗೆ ಸಿಕ್ಕಿದ್ದು ಅತ್ಯಲ್ಪ.

ಹೊಸ ವಿಧಾನಗಳೂ ಪೂರ್ತಿ ಪಾರಾಗಿಲ್ಲ. ಜೀವಕೋಶದಲ್ಲಿ ಶೇಖರವಾಗುವ ವರ್ಣದ್ರವ್ಯದಿಂದ ಎಟರ್‌ಶ್ಯಾಂಕ್ 1983ರಲ್ಲಿ ವಯಸ್ಸು ಕಟ್ಟಿದರು. ಸ್ಟೀಫನ್ ನಿಕೋಲ್ 1987ರಲ್ಲಿ ಆ ವಿಧಾನದ ಮಿತಿಗಳನ್ನು ಎತ್ತಿ ತೋರಿಸಿದರು. 2017ರಲ್ಲಿ ಕಿಲಾಡಾ ಮತ್ತು ಸಂಗಡಿಗರು, ಹುಟ್ಟಿದ ವರ್ಷ ಗೊತ್ತಿದ್ದ ಸಾಕಿದ ಕ್ರಿಲ್‌ಗಳ ಕಣ್ಣಿನ ತೊಟ್ಟನ್ನು ಸೀಳಿ ಅಲ್ಲಿ ವರ್ಷದ ಪಟ್ಟೆಗಳಿವೆ ಎಂದರು. ಇದು ಈವರೆಗಿನ ಅತ್ಯುತ್ತಮ ಸಾಕ್ಷಿ. ಆದರೂ ಕವಚ ಮತ್ತೆ ಮತ್ತೆ ಕಳಚುವ ಪ್ರಾಣಿಯಲ್ಲಿ ಪಟ್ಟೆ ಹೇಗೆ ಉಳಿಯುತ್ತದೆಂಬ ಪ್ರಶ್ನೆ ತೀರಿಲ್ಲ.

ಭಾರತವೂ ಸದಸ್ಯನಾಗಿರುವ ಅಂಟಾರ್ಕ್ಟಿಕ್ ಜಲಜೀವಿ ಸಂರಕ್ಷಣಾ ಆಯೋಗ ಕ್ರಿಲ್ ಹಿಡಿಯುವ ಮಿತಿಯನ್ನು ಲೆಕ್ಕ ಹಾಕುವಾಗ ಬೆಳವಣಿಗೆಯ ವೇಗ, ಸಹಜ ಸಾವಿನ ಪ್ರಮಾಣ ಎರಡನ್ನೂ ಬಳಸುತ್ತದೆ. ಎರಡೂ ನಿಂತಿರುವುದು ಆಯುಷ್ಯದ ಮೇಲೆ. ಆ ಲೆಕ್ಕವನ್ನು ತಿದ್ದಲು ಕೂರುವವರು ಬಾರ್ಗ್‌ಮನ್ ಮತ್ತು ಮಾರ್ ಅವರ ತೀರ್ಮಾನದ ಪುಟವನ್ನು ಬಿಡಲಿ, ಅಳತೆಯ ಕೋಷ್ಟಕಗಳನ್ನು ತೆರೆಯಲಿ. ತಿಮಿಂಗಿಲಗಳಿನ್ನೂ ಸಾವಿರಗಟ್ಟಲೆ ಇದ್ದ ಕಾಲದ ಕ್ರಿಲ್‌ನ ಉದ್ದವನ್ನು ದಾಖಲಿಸಿದ ಅಂಥ ದೊಡ್ಡ ಸಂಗ್ರಹ ಬೇರೊಂದಿಲ್ಲ.