ಹೊರ ಬೆಂಗಳೂರಿನ ಎಂ.ಕಾಂ. ಅರ್ಜಿ
ಬೆಂಗಳೂರಿನ ಹೊರವಲಯದಲ್ಲಿ ಎಂ.ಕಾಂ. ಪ್ರವೇಶದ ಇತಿಹಾಸ ಕೈಗಾರಿಕೆಯ ಬೆಳವಣಿಗೆಯೊಂದಿಗೆ ಹೆಣೆದುಕೊಂಡಿದೆ. ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1964ರಲ್ಲಿ. 1970ರ ದಶಕದಲ್ಲಿ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳ ಶೆಡ್‌ಗಳು ಎದ್ದವು. ಅದೇ ದಶಕದ ಕೊನೆಗೆ ಆರ್.ಕೆ. ಬಾಳಿಗಾ ಅವರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಕಾರ್ಖಾನೆಗಳು ಹೆಚ್ಚಿದಂತೆ ಕ್ಯಾಷ್ ಬುಕ್, ಲೆಡ್ಜರ್, ಸಂಬಳದ ಪಟ್ಟಿ ಬರೆಯುವ ಬಿ.ಕಾಂ. ಪದವೀಧರರಿಗೆ ಬೇಡಿಕೆ ಬಂತು.

ಇಂಥವರಲ್ಲಿ ಮುಂದೆ ಎಂ.ಕಾಂ. ಓದುವ ಆಸೆಯಿದ್ದೂ ಕೆಲಸ ಬಿಡಲಾಗದವರಿಗೆ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣ ಒಂದು ದಾರಿಯಾಗಿತ್ತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ರೆಗ್ಯುಲರ್ ಕೋರ್ಸಿಗೆ ಸೇರುವವರು ಅರ್ಜಿ ಫಾರಂ ಕೊಂಡು, ಬ್ಯಾಂಕಿನಲ್ಲಿ ಚಲನ್ ಕಟ್ಟಿ, ಅಂಕಪಟ್ಟಿಗಳ ಜೆರಾಕ್ಸಿಗೆ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಹಾಕಿಸಬೇಕಿತ್ತು. ಟಿ.ಸಿ., ಮೀಸಲಾತಿ ಕೋರುವವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ ಬೇಕಾಗುತ್ತಿತ್ತು. ಕಾರ್ಖಾನೆ ನೌಕರರಿಗೆ ಇದಕ್ಕಾಗಿ ರಜೆ ಹಾಕುವುದು ಅನಿವಾರ್ಯವಾಗಿತ್ತು.

1990ರ ದಶಕದ ಕೊನೆಗೆ ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಆರಂಭವಾಯಿತು. ಮುಂದೆ ವಿದೇಶಿ ಕಂಪನಿಗಳ ಲೆಕ್ಕಪತ್ರದ ಕೆಲಸವೂ ಇತ್ತ ಬಂತು. ಬೆಂಗಳೂರಿನದೇ ತಂತ್ರಾಂಶವಾದ ಟ್ಯಾಲಿ ಲೆಡ್ಜರಿನ ಜಾಗ ಹಿಡಿದಿತ್ತು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಾಗಿ ಕೋರ್ಸಿನ ತೆರಿಗೆ ಪಠ್ಯ ಬದಲಾಯಿತು.

ಈ ನಡುವೆ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆಯಿತು. ಹೀಗಾಗಿ ಕಾಲೇಜು ಯಾವ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆಂದು ನೋಡಿಕೊಂಡು ಅರ್ಜಿ ಹಾಕಬೇಕಾಯಿತು. 2021ರ ನಂತರ ರಾಜ್ಯ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್ ಬಂದು, ನೋಂದಣಿ, ದಾಖಲೆ ಸಲ್ಲಿಕೆ, ಶುಲ್ಕ ಪಾವತಿ ಆನ್‌ಲೈನ್‌ಗೆ ಸಾಗಿದವು.